ಪ್ಲಾತಿಯಾಲಿಯ ಸಿಳ್ಳೆ

ಪ್ಲಾತಿಯಾಲಿ ಎಂಬ ಕಡಲತೀರದ ಊರಿನ ಹೆಸರೆತ್ತಿದರೆ ಸಾಕು, ಅರ್ಗೀರಿಸನಿಗೆ ಏನಾದರೊಂದು ಕೊಂಕು ಸಿಕ್ಕುತ್ತಿತ್ತು. ಅಲ್ಲಿ ಸೊಳ್ಳೆ ಜಾಸ್ತಿ ಎನ್ನುತ್ತಿದ್ದ. ನೀರು ಮಂಜುಗಡ್ಡೆ ಎನ್ನುತ್ತಿದ್ದ. ರಸ್ತೆ ಸರಿಯಿಲ್ಲ, ಜನ ಸರಿಯಿಲ್ಲ, ಪರವೂರಿನವರನ್ನು ಕಂಡರೆ ಖಾನಾವಳಿಯವರು ತಲೆ ಬೋಳಿಸುತ್ತಾರೆ ಎನ್ನುತ್ತಿದ್ದ. "ನೀನು ಯಾವಾಗ ಹೋಗಿದ್ದೆ?" ಎಂದು ಹೆಂಡತಿ ಎವಾಂಥಿಯಾ ಕೇಳಿದರೆ, "ಹೋಗಿಯೇ ನೋಡಬೇಕಾ? ಹೋದವರು ಹೇಳಿದ್ದು" ಎಂದು ಮಾತು ತುಂಡು ಮಾಡಿ ತನ್ನ ಟ್ರ್ಯಾಕ್ಟರ್ ರಿಪೇರಿ ಷೆಡ್ಡಿಗೆ ನಡೆದುಬಿಡುತ್ತಿದ್ದ. ಅವರಿದ್ದ ಕಾರ್ದಿತ್ಸಾ ಹತ್ತಿ ಹೊಲಗಳ ನಡುವಿನ ಬಯಲೂರು. ಬೇಸಿಗೆ ಬಂತೆಂದರೆ ಕೇರಿಗೆ ಕೇರಿಯೇ ಬುತ್ತಿ ಕಟ್ಟಿಕೊಂಡು ಸಮುದ್ರಸ್ನಾನಕ್ಕೆ ಹೊರಡುತ್ತಿತ್ತು. ಅರ್ಗೀರಿಸ್ ಮಾತ್ರ ಹೆಂಡತಿ ಮಕ್ಕಳನ್ನು ಬೆಟ್ಟದ ಕಡೆಗೆ ಕರೆದೊಯ್ಯುತ್ತಿದ್ದ.

ಕಳೆದ ಅಕ್ಟೋಬರಿನಲ್ಲಿ ಅವನು ಮಲಗಿದಲ್ಲಿಯೇ ಹೋಗಿಬಿಟ್ಟ. ಜೂನಿನಲ್ಲಿ ಎವಾಂಥಿಯಾ ತಂಗಿಯ ಮೊಮ್ಮಗನ ನಾಮಕರಣಕ್ಕೆಂದು ವೋಲೋಸ್ ಪಟ್ಟಣಕ್ಕೆ ಬಂದಳು. ಮಾರನೆಯ ದಿನ ತಂಗಿಯ ಮನೆಯವರೆಲ್ಲ ಅವರವರ ಕೆಲಸಕ್ಕೆ ಹೋದರು. ಖಾಲಿ ಮನೆಯಲ್ಲಿ ಕೂತು ಗೋಡೆ ನೋಡುವ ಬದಲು ಎವಾಂಥಿಯಾ ಬಸ್ ನಿಲ್ದಾಣಕ್ಕೆ ಹೋದಳು. ಹಲಗೆಯ ಮೇಲೆ ಪ್ಲಾತಿಯಾಲಿಯ ಹೆಸರು ಕಂಡಿತು. ಅಷ್ಟು ಬೈಸಿಕೊಂಡ ಊರು ಹೇಗಿದೆಯೋ ನೋಡಿಯೇ ಬಿಡೋಣ ಎಂದುಕೊಂಡಳು. ಅರವತ್ತೆರಡರ ವಯಸ್ಸಿನಲ್ಲಿ ಒಬ್ಬಳೇ, ಯಾರಿಗೂ ಹೇಳದೆ, ಒಂದು ಕೈಚೀಲ ಹಿಡಿದು ಅವಳು ಬಸ್ಸು ಹತ್ತಿದ್ದು ಅದೇ ಮೊದಲು.

ರಸ್ತೆ ಚೆನ್ನಾಗಿಯೇ ಇತ್ತು. ಆಲಿವ್ ತೋಟಗಳನ್ನು ಸುತ್ತಿ ಸುತ್ತಿ ಇಳಿದ ಬಸ್ಸು ಅವಳನ್ನು ಧಕ್ಕೆಯ ಪಕ್ಕದಲ್ಲೇ ಬಿಟ್ಟಿತು. ದೋಣಿಗಳು ಒಂದಕ್ಕೊಂದು ಮೈ ಉಜ್ಜುತ್ತ ನಿಂತಿದ್ದವು. ಹಳದಿ ಬಲೆಗಳ ರಾಶಿಯ ಮೇಲೆ ಬೆಕ್ಕೊಂದು ಯಜಮಾನನಂತೆ ಮಲಗಿತ್ತು. ಅವಳು ಕಾಫಿ ಅಂಗಡಿಯ ಹೊರಗೆ ಕುರ್ಚಿ ಎಳೆದು ಕೂತಳು. ಪಕ್ಕದ ಮೇಜಿನಲ್ಲಿ ಮುದುಕರ ದಂಡು ಪಗಡೆ ಹಾಸಿಕೊಂಡಿತ್ತು. ಅವರಲ್ಲಿ ದೊಡ್ಡ ಮೀಸೆಯವನನ್ನು ಉಳಿದವರು ಕಪ್ತಾನ್ ಝೀಸಿಸ್ ಎಂದು ಕರೆಯುತ್ತಿದ್ದರು. ಅವನು ದಾಳ ಕೆಳಗಿಟ್ಟು ಇವಳತ್ತ ತಿರುಗಿದ.

"ಯಾರ ಮನೆಗೆ ಬಂದಿದೀರಿ ತಾಯಿ?"

"ಯಾರ ಮನೆಗೂ ಇಲ್ಲ."

"ಸುಮ್ಮನೆ ಬಂದ್ರಾ? ಈ ಊರಿಗೆ ಸುಮ್ಮನೆ ಬರೋದು ಅಂದ್ರೆ ಗಾಳಿ ಒಂದೇ. ಅದು ಬಿಟ್ರೆ ತೆರಿಗೆಯವರು."

"ಎರಡೂ ಅಲ್ಲ. ನಾನು ಕಾರ್ದಿತ್ಸಾದವಳು."

"ಅಯ್ಯೋ, ಕಪ್ಪೆಗಳ ಊರು!" ಎಂದ ಝೀಸಿಸ್. "ಕಪ್ಪೆ ಬಿಟ್ರೆ ನಿಮ್ಮಲ್ಲಿ ಈಜೋ ಪ್ರಾಣಿ ಯಾವುದಿದೆ ಹೇಳಿ!"

"ನಮ್ಮ ಕಪ್ಪೆ ಕೂಗಿದ್ರೆ ಮಳೆಯಾದ್ರೂ ಬರುತ್ತೆ ಕಪ್ತಾನ್ರೇ. ನೀವು ಆವಾಗಿಂದ ಕೂಗ್ತಿದೀರಿ, ಕಾಫೀನೂ ಬಂದಿಲ್ಲ."

ಮುದುಕರೆಲ್ಲ ಮೇಜು ಕುಟ್ಟಿ ನಕ್ಕರು. ಝೀಸಿಸ್ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. "ಮಾತಲ್ಲಿ ಸೋತೆ. ಈ ತಾಯಿಯ ಕಾಫಿ ನನ್ನದು!" ಎಂದು ಒಳಗೆ ಕೂಗಿದ. ಎವಾಂಥಿಯಾಗೂ ನಗು ಬಂತು. ಗಂಡ ಹೋದಮೇಲೆ ಗಂಟಲಿಂದ ನಗು ಹೊರಟದ್ದು ಅದೇ ಮೊದಲೆಂದು ಅವಳಿಗೇ ಆಮೇಲೆ ತಿಳಿಯಿತು.

ಕಾಫಿ ಕುಡಿದು ಓಣಿಗಳಲ್ಲಿ ಅಡ್ಡಾಡಿದಳು. ಯಾವ ಓಣಿ ಹಿಡಿದರೂ ಕೊನೆಯಲ್ಲಿ ಸಮುದ್ರ ಸಿಕ್ಕುತ್ತಿತ್ತು. ಬಾಗಿಲಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದವಳೊಬ್ಬಳು ದಾರಿ ಕೇಳದಿದ್ದರೂ ದಾರಿ ಹೇಳಿದಳು. ಬಂಡೆಯ ಮೇಲಿನ ಸಂತ ನಿಕೋಲಾಸನ ಪುಟ್ಟ ಗುಡಿಯೊಳಗೆ ಎವಾಂಥಿಯಾ ಗಂಡನ ಹೆಸರಿಗೆ ಒಂದು ಮೇಣದಬತ್ತಿ ಹಚ್ಚಿದಳು. "ನೋಡು, ಒಂದು ಸೊಳ್ಳೆಯೂ ಇಲ್ಲ" ಎಂದು ಮನಸ್ಸಿನಲ್ಲೇ ಅವನನ್ನು ಕೆಣಕಿದಳು. ಗುಡಿಯ ಹಿಂದೆ ಯಾರೂ ಇಲ್ಲದ ಗುಂಡುಕಲ್ಲಿನ ದಂಡೆ. ಅತ್ತಿತ್ತ ನೋಡಿ, ಕಪ್ಪು ಉಡುಪನ್ನು ಬಂಡೆಗೆ ಹಾಕಿ, ಒಳಲಂಗದಲ್ಲೇ ನೀರಿಗಿಳಿದಳು. ಹುಡುಗಿಯಾಗಿದ್ದಾಗ ಹೊಳೆಯಲ್ಲಿ ಕಲಿತ ಈಜು ಕೈಕಾಲಿಗೆ ಮರೆತಿರಲಿಲ್ಲ. ನೀರೂ ಬೆಚ್ಚಗಿತ್ತು. "ಸುಳ್ಳುಗಾರ" ಎಂದು ನಗುತ್ತ ಅಂಗಾತ ತೇಲಿದಳು.

ಕೂದಲು ಆರುವ ಹೊತ್ತಿಗೆ ಹೊಟ್ಟೆ ಚುರುಗುಟ್ಟಿತು. ಧಕ್ಕೆಯ ತುದಿಯಲ್ಲಿ ಹಿಪ್ಪುನೇರಳೆ ಮರದಡಿ ನಾಲ್ಕಾರು ಮೇಜು ಹಾಕಿದ್ದ ಖಾನಾವಳಿ ಕಂಡಿತು. ಕೆಳಗೆ ಅಡುಗೆಮನೆ, ಮೇಲೆ ವಾಸದ ಮನೆ. ಒಡತಿ ಅಗಲ ಭುಜದ, ಕೆಂಪು ಕೈಗಳ ಹೆಂಗಸು. ವಯಸ್ಸು ಇವಳಿಗಿಂತ ಸ್ವಲ್ಪ ಕಡಿಮೆ ಇದ್ದೀತು.

"ಏನಿದೆಯಮ್ಮ?"

"ಬೂತಾಯಿ ಮೀನಿದೆ. ಬೆಳಿಗ್ಗೆ ಬಂದದ್ದು. ಬೇರೆ ಏನೇನೋ ಇದೆ ಅಂತ ಹಲಗೆ ಮೇಲೆ ಬರೆದಿದೀನಿ, ಅದನ್ನ ನಂಬಬೇಡಿ ಅಕ್ಕಾ."

"ಹಾಗಾದ್ರೆ ಬೂತಾಯಿನೇ ಹುರಿದು ಕೊಡಿ. ಒಂದು ಚಿಕ್ಕ ಸೀಸೆ ದ್ರಾಕ್ಷಿ ಸಾರಾಯಿನೂ ಇರಲಿ."

ಕಾರ್ದಿತ್ಸಾದ ಮನೆಯಲ್ಲಿ ಮೀನು ಬೇಯಿಸುವಂತಿರಲಿಲ್ಲ. ಅರ್ಗೀರಿಸನಿಗೆ ವಾಸನೆ ಆಗುತ್ತಿರಲಿಲ್ಲ. ಹಾಗಾಗಿ ಗರಿಗರಿ ಹುರಿದ ಬೂತಾಯಿಯ ತಟ್ಟೆ ಮುಂದೆ ಬಂದಾಗ ಎವಾಂಥಿಯಾ ಕದ್ದು ತಿನ್ನುವವಳಂತೆ ಕೈ ಹಾಕಿದಳು. ನಿಂಬೆ ಹಿಂಡಿದಳು. ಸಾರಾಯಿ ಒಂದು ಗುಟುಕು ಕುಡಿದಳು. ಬಿಸಿಲು ಎಲೆಗಳ ನಡುವಿಂದ ಮೇಜಿನ ಮೇಲೆ ಚೂರುಚೂರಾಗಿ ಬಿದ್ದಿತ್ತು. ಇಂಥ ದಿನವೊಂದು ತನಗೂ ಬಂತಲ್ಲ ಎನ್ನಿಸಿತು.

ಆಗ ತಲೆಯ ಮೇಲಿನಿಂದ ಸಿಳ್ಳೆ ಕೇಳಿಸಿತು.

ಮೊದಲು ಉದ್ದನೆಯದೊಂದು, ಆಮೇಲೆ ಮೇಲಕ್ಕೆ ಹಾರುವ ಎರಡು ಚಿಕ್ಕವು, ಕೊನೆಗೆ ಬಾವಿಗೆ ಬಿದ್ದ ಕಲ್ಲಿನಂತೆ ಕೆಳಗಿಳಿಯುವ ಒಂದು.

ಎವಾಂಥಿಯಾಳ ಕೈಯಲ್ಲಿದ್ದ ಲೋಟ ಜಾರಿ ಕಲ್ಲುಹಾಸಿನ ಮೇಲೆ ಚೂರಾಯಿತು. ನಲವತ್ತು ವರ್ಷ ಆ ಸಿಳ್ಳೆಗೆ ಓಗೊಟ್ಟವಳು ಅವಳು. ಷೆಡ್ಡಿನಿಂದ ಅರ್ಗೀರಿಸ್ ಹಾಗೆ ಸಿಳ್ಳೆ ಹಾಕಿದರೆ ಊಟಕ್ಕೆ ಬರುತ್ತಿದ್ದಾನೆ ಎಂದರ್ಥ. ಸಂತೆಯ ಜಂಗುಳಿಯಲ್ಲಿ ಹಾಕಿದರೆ, ನಾನಿಲ್ಲಿದ್ದೇನೆ, ತಿರುಗಿ ನೋಡು ಎಂದರ್ಥ. ಅವನ ಜೊತೆಗೇ ಅದೂ ಮಣ್ಣಾಯಿತು ಎಂದು ಅವಳು ತಿಳಿದಿದ್ದಳು. ಈಗ ಕಾಲು ತಾನಾಗಿಯೇ ನೆಟ್ಟಗೆ ನಿಂತುಬಿಟ್ಟಿತ್ತು, ಓಡಲು ಸಿದ್ಧವಾಗಿ.

"ಬಂದೇ ಅಮ್ಮಾ! ಕೈ ಎಣ್ಣೆಯಾಗಿದೆ!" ಎಂದು ಒಡತಿ ಮೇಲಕ್ಕೆ ಕೂಗಿ, ಒಡೆದ ಲೋಟ ಕಂಡು ಪೊರಕೆ ತಂದಳು. "ಹೋಗಲಿ ಬಿಡಿ ಅಕ್ಕಾ, ಲೋಟ ತಾನೆ. ಅಯ್ಯೋ, ಮುಖ ಸುಣ್ಣದ ಹಾಗಾಗಿದೆ. ಮುಳ್ಳು ಸಿಕ್ಕಿತಾ ಗಂಟಲಲ್ಲಿ?"

"ಈಗ ಸಿಳ್ಳೆ ಹಾಕಿದ್ದು ಯಾರು?"

"ನಮ್ಮಮ್ಮ. ಎಂಬತ್ತೆಂಟು. ಹಲ್ಲು ಹೋಯ್ತು, ಮಂಡಿ ಹೋಯ್ತು, ಸಿಳ್ಳೆ ಮಾತ್ರ ಹೋಗಲಿಲ್ಲ. ಕುರ್ಚಿ ಕಿಟಕಿ ಹತ್ರ ಎಳಿಬೇಕಂತೆ, ಅದಕ್ಕೆ ನನ್ನ ಕರೀತಾಳೆ."

"ಇಲ್ಲಿ ಎಲ್ಲರೂ ಹಾಗೆ ಹಾಕ್ತಾರಾ?"

"ಹೇಗೆ ಹಾಕ್ತಾರೆ! ಒಂದೊಂದು ಮನೆಗೆ ಒಂದೊಂದು. ದೋಣಿಯಿಂದ ಕೂಗಿದ್ರೆ ಮಾತು ಗಾಳಿಪಾಲು, ಸಿಳ್ಳೆ ದಡ ಮುಟ್ಟುತ್ತೆ. ಇದು ನಮ್ಮಪ್ಪಂದು. ಈಗ ಇದನ್ನ ಬಲ್ಲವರು ನಾನು, ನಮ್ಮಮ್ಮ, ಇಬ್ಬರೇ. ನಮ್ಮಣ್ಣಂದಿರಿಗೆ ಬರ್ತಿತ್ತು."

ಎವಾಂಥಿಯಾ ಮೇಜಿನ ಅಂಚು ಹಿಡಿದು ಕೂತಳು. ಕೇಳಬಾರದು, ಎದ್ದು ಹೋಗಿಬಿಡಬೇಕು ಎಂದು ಒಳಗಿನಿಂದ ಯಾರೋ ಹೇಳುತ್ತಿದ್ದರು. ಬಾಯಿ ಮಾತ್ರ ಕೇಳಿಯೇಬಿಟ್ಟಿತು. "ಅವರೆಲ್ಲಿದಾರೆ?"

ಒಡತಿ ಪೊರಕೆಯನ್ನು ಮರಕ್ಕೆ ಒರಗಿಸಿದಳು. ಬೇರೆ ಗಿರಾಕಿಗಳಿರಲಿಲ್ಲ. ಹಲವರಿಗೆ ಹೇಳಿ ಸವೆದ ಕತೆಯನ್ನು ಹೇಳುವವರ ಹಾಗೆ, ಸಮುದ್ರದ ಕಡೆ ನೋಡುತ್ತ ಹೇಳಿದಳು.

"ಒಬ್ಬ ಇಲ್ಲೇ, ಗುಡಿ ಮೇಲಿನ ಸ್ಮಶಾನದಲ್ಲಿ. ಆಗೆಲ್ಲ ಮದ್ದಿನ ತೋಟೆ ಸಿಡಿಸಿ ಮೀನು ಹಿಡಿಯೋರು, ಪೊಲೀಸರ ಕಣ್ಣು ತಪ್ಪಿಸಿ. ಅಣ್ಣಂದಿರಿಬ್ಬರೂ ನಸುಕಲ್ಲಿ ಹೋಗಿದ್ರು. ಚಿಕ್ಕಣ್ಣ ಸತ್ತ ಮೀನು ಬಾಚೋಕೆ ನೀರಿಗಿಳಿದ. ಅವನು ಆಚೆ ಕಡೆಯಿಂದ ದೋಣಿಗೆ ಹತ್ತಿಕೊಂಡಿರಬೇಕು ಅಂದುಕೊಂಡು ದೊಡ್ಡಣ್ಣ ಇನ್ನೊಂದು ತೋಟೆ ಎಸೆದ. ಹತ್ತಿಕೊಂಡಿರಲಿಲ್ಲ ಅಕ್ಕಾ. ದೊಡ್ಡಣ್ಣನೇ ಅವನನ್ನ ಹೊತ್ಕೊಂಡು ಬಂದು ಇದೇ ಕಲ್ಲಿನ ಮೇಲೆ ಮಲಗಿಸಿದ. ನಾನು ಹತ್ತು ವರ್ಷದವಳು, ನೋಡ್ತಾ ನಿಂತಿದ್ದೆ. 'ಅವನನ್ನ ಕೊಂದು ನೀನ್ಯಾಕೋ ಬಂದೆ? ಇನ್ನು ನನ್ನ ಕಣ್ಣೆದುರಿಗೆ ಬರಬೇಡ' ಅಂದ್ಲು ನಮ್ಮಮ್ಮ. ಹೆತ್ತ ಸಂಕಟ, ಬಾಯಿಗೆ ಬಂದದ್ದು ಅಂದ್ಲು. ಅವನು ಮಣ್ಣು ಮುಗಿಸಿಕೊಂಡು ಹೋದೋನು ಹೋದ. ಆಸ್ಟ್ರೇಲಿಯಾದಲ್ಲಿ ನೋಡಿದೆ ಅಂತ ಒಬ್ಬ ನಾವಿಕ ಹೇಳಿದ. ಅಲ್ಲೇ ಇದಾನೆ. ನಲವತ್ತೇಳು ವರ್ಷ ಆಯ್ತು."

"ಅವರ ಹೆಸರು?"

"ಸತ್ತವನು ಫೋತಿಸ್. ಹೋದವನು ಅರ್ಗೀರಿಸ್."

ಎವಾಂಥಿಯಾಗೆ ಮೇಜು, ಮರ, ಸಮುದ್ರ ಎಲ್ಲ ಒಂದು ಪಕ್ಕಕ್ಕೆ ವಾಲಿದ ಹಾಗಾಯಿತು. ಅವಳ ಮಗನ ಹೆಸರು ಫೋತಿಸ್. ಗಂಡುಮಗುವಿಗೆ ಗಂಡನ ತಂದೆಯ ಹೆಸರಿಡುವುದು ಎಲ್ಲರ ವಾಡಿಕೆ. ಅರ್ಗೀರಿಸ್ ಮಾತ್ರ ಹಟ ಹಿಡಿದು ಆ ಹೆಸರಿಟ್ಟಿದ್ದ. ಯಾರ ಹೆಸರಪ್ಪಾ ಎಂದು ಎವಾಂಥಿಯಾಳ ತಂದೆ ಕೇಳಿದಾಗ, "ಯಾರದ್ದೂ ಅಲ್ಲ, ಚೆನ್ನಾಗಿದೆ ಅಂತ" ಎಂದಿದ್ದ. ತನ್ನ ತಂದೆತಾಯಿ ವೋಲೋಸಿನ ಭೂಕಂಪದಲ್ಲಿ ತೀರಿಹೋದರು, ತಾನು ಐದು ವರ್ಷಕ್ಕೇ ತಬ್ಬಲಿ, ಸಾಕಿದ ಚಿಕ್ಕಮ್ಮನೂ ಈಗಿಲ್ಲ ಎಂದು ಮದುವೆಗೆ ಮೊದಲೇ ಹೇಳಿದ್ದ. ತಬ್ಬಲಿ ಎಂದೇ ಅವಳು ಅವನಿಗೆ ಒಂದು ತುತ್ತು ಹೆಚ್ಚು ಬಡಿಸಿದವಳು. ಪ್ರತಿ ವರ್ಷ ಕಾಣದ ಅತ್ತೆಮಾವನ ಹೆಸರಿಗೆ ಗೋಧಿ ಬೇಯಿಸಿ ಚರ್ಚಿಗೆ ಒಯ್ದವಳು. ಅವನು ಪಕ್ಕದಲ್ಲಿ ನಿಂತು ಶಿಲುಬೆ ಗುರುತು ಹಾಕಿಕೊಂಡಿದ್ದ!

"ನಿಮ್ಮ ತಾಯಿ ಹೆಸರು ಮಲಾಮೋ" ಎಂದಳು. ಅವಳಿಗೆ ಅದು ಪ್ರಶ್ನೆಯಾಗಿ ಉಳಿದಿರಲಿಲ್ಲ. ತೀರಿಹೋದ ತನ್ನ ತಾಯಿಯದೆಂದು ಅರ್ಗೀರಿಸ್ ಮಗಳಿಗಿಟ್ಟ ಹೆಸರೂ ಅದೇ.

ಒಡತಿಯ ಕಣ್ಣು ಕಿರಿದಾಯಿತು. "ನಿಮಗೆ ಯಾರು ಹೇಳಿದ್ರು?"

ಎವಾಂಥಿಯಾ ಕೈಚೀಲದಿಂದ ಫೋನು ತೆಗೆದಳು. ಎರಡು ಸಲ ತಪ್ಪಾದ ಚಿತ್ರ ತೆರೆಯಿತು. ಮೂರನೆಯದರಲ್ಲಿ ಅರ್ಗೀರಿಸ್ ಷೆಡ್ಡಿನ ಮುಂದೆ ಕೂತು ಕಲ್ಲಂಗಡಿ ತಿನ್ನುತ್ತಿದ್ದ. ಒಡತಿ ಕೈ ಒರೆಸಿಕೊಂಡು ಫೋನು ಇಸಿದುಕೊಂಡಳು. ದೂರ ಹಿಡಿದಳು, ಹತ್ತಿರ ತಂದಳು.

"ಇದು ನಮ್ಮಪ್ಪ" ಎಂದಳು. ಮತ್ತೆ, "ನಮ್ಮಪ್ಪ ಫೋನು ಬರೋಕೆ ಮುಂಚೆನೇ ಸತ್ತ. ಬಣ್ಣದ ಚಿತ್ರ ಹೇಗೆ... ಯಾರಿದು? ಯಾರಿದು ಹೇಳು!"

"ನನ್ನ ಗಂಡ. ಅರ್ಗೀರಿಸ್. ಕಾರ್ದಿತ್ಸಾದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡ್ತಿದ್ರು."

"ಕಾರ್ದಿತ್ಸಾ?" ಒಡತಿಯ ದನಿ ಕೀರಲಾಯಿತು. "ಎರಡು ಬಸ್ಸಿನ ದಾರಿ! ಬೆಳಿಗ್ಗೆ ಹೊರಟ್ರೆ ಮಧ್ಯಾಹ್ನದ ಊಟಕ್ಕೆ ಬರಬಹುದು! ನಾನಿಲ್ಲಿ ಭೂಪಟದಲ್ಲಿ ಆಸ್ಟ್ರೇಲಿಯಾ ನೋಡ್ಕೊಂಡು ಕೂತಿದ್ನಲ್ಲ! ಕರಿ ಅವನನ್ನ, ಈಗಲೇ ಕರಿ, ನಾಲ್ಕು ಬಿಡ್ತೀನಿ ಕೆನ್ನೆಗೆ!"

"ಇಲ್ಲಮ್ಮ. ಅಕ್ಟೋಬರಲ್ಲಿ ತೀರಿಕೊಂಡ್ರು."

ಒಡತಿ ಫೋನನ್ನು ಮೇಜಿನ ಮೇಲೆ ಇಟ್ಟಳು, ಅದು ಬಿಸಿಯಾಗಿದ್ದಂತೆ. ನಿಂತಲ್ಲೇ ತೆರೆದ ಅಂಗೈಯಿಂದ ಮೇಜಿಗೆ ಒಂದೇಟು ಹೊಡೆದಳು. ತಟ್ಟೆಯ ಮೀನು ಹಾರಿಬಿದ್ದವು. "ನೀನು ಇದನ್ನ ಹೇಳೋಕೆ ಬಂದು ಇಲ್ಲಿ ಕೂತು ಬೂತಾಯಿ ತಿಂತಿದೀಯಾ?" ಎಂದು ಕಿರುಚಿದಳು.

"ನನಗೇನು ಗೊತ್ತಿತ್ತು?" ಎವಾಂಥಿಯಾಳ ದನಿಯೂ ಏರಿತು. "ಸಮುದ್ರ ನೋಡೋಕೆ ಬಂದವಳು ನಾನು! ನಲವತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದ್ದೆ. ಆ ಮನುಷ್ಯನಿಗೆ ತಾಯಿ ಇದಾಳೆ, ತಂಗಿ ಇದಾಳೆ ಅಂತ ನನಗೆ ಗೊತ್ತಾಗಿದ್ದು ಈ ಮೇಜಿನ ಮುಂದೆ! ನಾನು ಮಣ್ಣು ಮಾಡಿದ್ದು ಯಾರನ್ನ ಅನ್ನೋದೇ ನನಗೆ ಈಗ ಗೊತ್ತಿಲ್ಲ!"

ಒಡತಿ ಕುರ್ಚಿಯ ಮೇಲೆ ಕುಸಿದು, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಬಟ್ಟೆಯ ಒಳಗಿನಿಂದಲೇ ಕೇಳಿದಳು. "ಮಕ್ಕಳಿದಾರಾ?"

"ಇಬ್ಬರು. ಮಲಾಮೋ, ಫೋತಿಸ್."

ಏಪ್ರನ್ನಿನೊಳಗಿನಿಂದ ಬಂದ ಸದ್ದು ಅಳುವೂ ಅಲ್ಲ, ನಗುವೂ ಅಲ್ಲ. ಅವಳು ಮುಖ ಒರೆಸಿಕೊಂಡು ಇವಳ ಮಣಿಕಟ್ಟು ಹಿಡಿದಳು. "ನಾನು ಪೋಲಿಕ್ಸೇನಿ. ಅತ್ತಿಗೆ, ಒಂದು ಮಾತು ಕೇಳು. ಅಮ್ಮನಿಗೆ ಹೇಳೋದು ಬೇಡ. ಮಗ ಆಸ್ಟ್ರೇಲಿಯಾದಲ್ಲಿದಾನೆ ಅಂತಲೇ ಕಣ್ಣು ಮುಚ್ಚಲಿ. ಸುಮ್ಮನೆ ಮೇಲೆ ಬಾ, ನೋಡು. ಪರವೂರಿನ ಗಿರಾಕಿ, ಮನೆ ನೋಡೋಕೆ ಬಂದಿದಾಳೆ ಅಂತೀನಿ."

ಎವಾಂಥಿಯಾ ತಲೆಯಾಡಿಸಿದಳು. ಮರದ ಮೆಟ್ಟಿಲು ಹತ್ತುವಾಗ ಕೈಕಂಬಿ ಹಿಡಿದೇ ಹತ್ತಿದಳು. ಈ ಕಂಬಿಯನ್ನು ಅವನೂ ಹಿಡಿದು ಹತ್ತಿದ್ದಾನೆ ಎಂಬ ಯೋಚನೆ ಬಂದು ಕೈ ತೆಗೆದುಬಿಟ್ಟಳು.

ಮುದುಕಿ ಕೋಣೆಯ ನಡುವೆ, ಎಳೆಯದೆ ಉಳಿದ ಕುರ್ಚಿಯಲ್ಲಿ ಕೂತಿದ್ದಳು. ಕಪ್ಪು ತಲೆವಸ್ತ್ರ, ಮಡಿಲಲ್ಲಿ ಎರಡು ಕೈ. ಎವಾಂಥಿಯಾ ಹೊಸ್ತಿಲಲ್ಲೇ ನಿಂತಳು. ಅಗಲ ಹಣೆ, ಒಂದಕ್ಕಿಂತ ಒಂದು ಮೇಲಿದ್ದ ಹುಬ್ಬು, ಹೊರಕ್ಕೆ ಚಾಚಿದ ಕಿವಿ. ಮಣ್ಣು ಮಾಡಿ ಬಂದ ಮುಖವೇ ಹೆಣ್ಣಾಗಿ, ಸುಕ್ಕಾಗಿ ಅಲ್ಲಿ ಕೂತಿತ್ತು.

"ಅಮ್ಮ, ಇವರು ಪರವೂರಿನವರು, ಮನೆ..." ಎಂದು ಪೋಲಿಕ್ಸೇನಿ ಶುರುಮಾಡಿದಳು.

"ನೆಲ ಹಲಗೆಯದ್ದು ಕಣೇ" ಎಂದಳು ಮುದುಕಿ. "ಕೆಳಗೆ ಚಮಚ ಬಿದ್ರೂ ನನಗೆ ಕೇಳುತ್ತೆ. ನೀವಿಬ್ಬರೂ ಕಿರುಚಾಡಿದ್ದು ಕೇಳಲ್ವಾ?" ಆಮೇಲೆ ಎವಾಂಥಿಯಾಳ ಕಡೆ ಮುಖ ತಿರುಗಿಸಿದಳು. "ನೀರಲ್ಲಿ ಹೋದ್ನಾ?"

ಎವಾಂಥಿಯಾಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಅಲ್ಲ. ಹಾಸಿಗೆಯಲ್ಲಿ. ನಿದ್ದೆಯಲ್ಲೇ ಎದೆ ನಿಂತುಹೋಯ್ತು."

"ನೀರಲ್ಲಿ ಅಲ್ಲ" ಎಂದು ಮುದುಕಿ ಮೂರು ಸಲ ಶಿಲುಬೆ ಗುರುತು ಹಾಕಿಕೊಂಡಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. "ಕೂತ್ಕೋ ಮಗಳೇ. ನಿನ್ನ ಕೈ ಮುರಬ್ಬ ತಿಂದಿದೀನಿ ನಾನು. ಚೆರ್ರಿದು. ಸಕ್ಕರೆ ಸ್ವಲ್ಪ ಜಾಸ್ತಿಯಾಗಿತ್ತು."

"ಅಮ್ಮ, ಏನು ಹೇಳ್ತಿದೀಯಾ?" ಎಂದಳು ಪೋಲಿಕ್ಸೇನಿ.

"ಕಣ್ಣು ತೋರಿಸೋಕೆ ಅಂತ ವೋಲೋಸಿಗೆ ಹೋಗಿದ್ನಲ್ಲ, ನಿನ್ನ ಮದುವೆಯ ವರ್ಷ. ಕಣ್ಣಿಗೇನೂ ಆಗಿರಲಿಲ್ಲ. ರಜಾಯಿ ಮಾರೋನು ಒಬ್ಬ ಕಾರ್ದಿತ್ಸಾದಿಂದ ಬರ್ತಿದ್ದ. ನಾನು ಸಿಳ್ಳೆ ಹಾಕಿದ್ದು ಕೇಳಿ, ನಮ್ಮೂರ ಮೆಕ್ಯಾನಿಕ್ಕೂ ಹೆಂಡತಿನ ಹಿಂಗೇ ಕರೀತಾನಲ್ಲಜ್ಜಿ ಅಂದ. ಹುಡುಕ್ಕೊಂಡು ಕಾರ್ದಿತ್ಸಾಕ್ಕೆ ಹೋದೆ. ರಸ್ತೆಯಾಚೆ ನಿಂತೆ. ಷೆಡ್ಡಿನ ಒಳಗಿಂದ 'ಮಲಾಮೋ!' ಅಂತ ಕೂಗಿದ. ನನ್ನನ್ನೇ ಕರೆದ ಅಂತ ಒಂದು ಹೆಜ್ಜೆ ಮುಂದಿಟ್ಟೇಬಿಟ್ಟೆ. ಅಷ್ಟರಲ್ಲಿ ಒಂದು ಪುಟ್ಟ ಹುಡುಗಿ ಓಡಿಹೋಗಿ ಅವನ ಕಾಲು ತಬ್ಬಿಕೊಂಡ್ತು." ಮುದುಕಿ ಉಸಿರೆಳೆದುಕೊಂಡಳು. "ಬಿಸಿಲಿತ್ತು. ಈ ತಾಯಿ ಹೊರಗೆ ಬಂದು, ನೆರಳಿಗೆ ಬನ್ನಿ ಅಜ್ಜಿ ಅಂತ ಗೇಟಿನ ಒಳಗೆ ಕೂರಿಸಿ, ನೀರು, ಮುರಬ್ಬ ಕೊಟ್ಲು. ತಿಂದು ಬಂದೆ."

ಎವಾಂಥಿಯಾ ನೆನಪಿನ ಮೂಲೆಮೂಲೆ ತಡಕಿದಳು. ಸಿಗಲಿಲ್ಲ. ಗೇಟಿಗೆ ಬಂದವರಿಗೆಲ್ಲ ಅವಳು ನೀರು, ಮುರಬ್ಬ ಕೊಡುತ್ತಿದ್ದಳು. ಯಾರ ಮುಖ ನೆನಪಿದ್ದೀತು? ತನ್ನ ಅತ್ತೆ ತನ್ನ ಅಂಗಳದಲ್ಲಿ ಕೂತು, ತನ್ನ ಕೈಯ ಚಮಚದಿಂದ ತಿಂದು ಎದ್ದು ಹೋಗಿದ್ದಳು. ಹತ್ತು ಹೆಜ್ಜೆ ಆಚೆ ಅವನು ಎಂಜಿನ್ನಿನೊಳಗೆ ತಲೆ ಹುದುಗಿಸಿದ್ದ.

"ಯಾಕೆ ಮಾತಾಡಿಸಲಿಲ್ಲ?" ಎಂದಳು.

"ಯಾವ ಬಾಯಲ್ಲಿ? ಹೇಳಿದ ಮಾತು ಕೇಳೋ ಹುಡುಗ ಅವನು. ಬರಬೇಡ ಅಂದೆ, ಬರಲಿಲ್ಲ. ಈಗ ಹೋಗಿ ಬಾ ಅಂದ್ರೆ, ಅಷ್ಟು ವರ್ಷದಿಂದ ಮುಚ್ಚಿಟ್ಟಿದ್ದನ್ನೆಲ್ಲ ನಿನ್ನ ಮುಂದೆ ಬಿಚ್ಚಬೇಕಿತ್ತು ಅವನು. ಸಂಸಾರ ಕಟ್ಟಿಕೊಂಡಿದ್ದ. ನನ್ನ ಹೆಸರು ಅವನ ಅಂಗಳದಲ್ಲಿ ಓಡಾಡ್ತಿತ್ತು. ಸಾಕು ಅನ್ನಿಸ್ತು."

"ಸಾಕಾ?" ಪೋಲಿಕ್ಸೇನಿ ಸಿಡಿದಳು. "ನಿನಗೆ ಸಾಕಾಯ್ತು! ನನಗೆ? ನನಗೂ ಒಬ್ಬ ಅಣ್ಣ ಇದ್ನಲ್ಲ! ನಲವತ್ತೇಳು ವರ್ಷ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಿನಗೆ ಗೊತ್ತಿತ್ತು, ನನ್ನ ಜೊತೆ ಕೂತು ಆಸ್ಟ್ರೇಲಿಯಾ ಆಸ್ಟ್ರೇಲಿಯಾ ಅಂತ ತಲೆಯಾಡಿಸಿದೆ!" ಅವಳು ದಡದಡನೆ ಮೆಟ್ಟಿಲಿಳಿದು ಹೋದಳು. ಕೆಳಗೆ ಪಾತ್ರೆಗಳ ಮೇಲೆ ಪಾತ್ರೆ ಬೀಳತೊಡಗಿದವು.

ಎವಾಂಥಿಯಾ ಹೋಗಲಿಲ್ಲ. ಸಂಜೆಯ ಬಸ್ಸು ಧಕ್ಕೆಯ ಬಳಿ ಹಾರನ್ ಹೊಡೆದು ಹೊರಟ ಸದ್ದು ಕೇಳಿಸಿತು. ಅವಳು ಕುರ್ಚಿಯನ್ನು ಮುದುಕಿಯ ಸಮೇತ ಕಿಟಕಿಯ ಹತ್ತಿರ ಎಳೆದಳು. ತಾನೂ ಪಕ್ಕದಲ್ಲಿ ಕೂತಳು. ಗಂಡನ ಮೇಲೆ ಸಿಟ್ಟು ಇನ್ನೂ ಕುದಿಯುತ್ತಲೇ ಇತ್ತು. ಅವನಿದ್ದಿದ್ದರೆ ಕಾಲರ್ ಹಿಡಿದು ಅಲುಗಿಸುತ್ತಿದ್ದಳು. ಆದರೆ ಒಬ್ಬನೇ ಒಬ್ಬನಿಗೂ ಹೇಳದೆ, ಅಷ್ಟು ವರ್ಷ, ಮೀನಿನ ವಾಸನೆಗೂ ಬೆಚ್ಚುತ್ತ ಬದುಕಿದವನ ಬೆನ್ನು ಕಣ್ಣಿಗೆ ಕಟ್ಟಿದಾಗ ಆ ಸಿಟ್ಟನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಮುದುಕಿ ಒಂದೊಂದಾಗಿ ಕೇಳುತ್ತಿದ್ದಳು. ಕೂದಲು ಉದುರಿತ್ತಾ? ಸಿಡುಕುತ್ತಿದ್ದನಾ? ಮಕ್ಕಳನ್ನು ಹೊಡೆಯುತ್ತಿದ್ದನಾ? ಎವಾಂಥಿಯಾ ಗೊತ್ತಿದ್ದಷ್ಟು ಹೇಳಿದಳು. ಗೊತ್ತಿದ್ದದ್ದು ಎಷ್ಟು ಎಂಬ ಅನುಮಾನ ಪ್ರತಿ ಮಾತಿಗೂ ಅಡ್ಡ ಬರುತ್ತಿತ್ತು.

ಹೊತ್ತು ಮುಳುಗುವ ಮುಂಚೆ ಪೋಲಿಕ್ಸೇನಿ ಊದಿದ ಕಣ್ಣುಗಳಲ್ಲಿ ಮೇಲೆ ಬಂದಳು. ತಾಯಿಯನ್ನು ನೋಡದೆ, ಎವಾಂಥಿಯಾಳ ಮುಂದೆ ಒಂದು ಮೊರ ಇಟ್ಟಳು. ಅದರ ತುಂಬ ಗೋಧಿ. "ನಾಳೆ ಶನಿವಾರ, ಸತ್ತವರ ದಿನ. ರಾತ್ರಿ ನೆನೆಹಾಕಿ ಬೆಳಿಗ್ಗೆ ಬೇಯಿಸೋಣ. ಕಲ್ಲು ಆರಿಸು ಅತ್ತಿಗೆ."

ಮೂವರೂ ಮೊರದ ಸುತ್ತ ಕೂತರು. ಮುದುಕಿಯ ಬೆರಳುಗಳು ಮಗಳ ಬೆರಳುಗಳಿಗಿಂತ ಚುರುಕಾಗಿದ್ದವು.

"ಪಾದ್ರಿಗೆ ಹೇಳು" ಎಂದಳು ಮುದುಕಿ, ಗೋಧಿಯಿಂದ ಕಣ್ಣೆತ್ತದೆ. "ಇಷ್ಟು ವರ್ಷ ಪ್ರಾರ್ಥನೆಯಲ್ಲಿ ಅರ್ಗೀರಿಸನ ಹೆಸರನ್ನ ಬದುಕಿರೋರ ಜೊತೆ ಓದಿಸ್ತಿದ್ದೆ. ನಾಳೆಯಿಂದ ತಮ್ಮನ ಪಕ್ಕಕ್ಕೆ ಹಾಕಲಿ."

ಪೋಲಿಕ್ಸೇನಿ ತಾಯಿಯ ಮಡಿಲಿಗೆ ಉದುರಿದ್ದ ಕಾಳುಗಳನ್ನು ಆಯ್ದು ಮೊರಕ್ಕೆ ಹಾಕಿದಳು. ಎವಾಂಥಿಯಾ ಫೋನು ತೆಗೆದುಕೊಂಡು ಮಹಡಿಯ ಜಗಲಿಗೆ ಬಂದಳು. ಮಗಳಿಗೆ ಕರೆ ಮಾಡಿದಳು. "ಎಲ್ಲಿದೀಯಮ್ಮಾ? ಚಿಕ್ಕಮ್ಮ ಹುಡುಕಾಡ್ತಿದಾಳೆ, ದಿಗಿಲಾಗಿದೆ ನಮಗೆ!" ಎಂದಳು ಮಗಳು.

"ನಾನು ಚೆನ್ನಾಗಿದೀನಿ" ಎಂದಳು ಎವಾಂಥಿಯಾ. "ನಿಂತಿದ್ರೆ ಮೊದಲು ಕೂತ್ಕೋ ಮಲಾಮೋ. ಕೂತ್ಕೊಂಡು ಕೇಳು."